ಕಂತಿನ ಮನೆಯೂ ಪತ್ತಿನ ಪತ್ರವೂ

ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರ ಸಂಸಾರಗಳಲ್ಲಿ ಸ್ವಂತ ಮನೆಯ ಮಾತು ಬಾರದ ದಿನವಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಂತೆ ಗಂಟುಮೂಟೆ ಕಟ್ಟುವ ಚಿಂತೆ ಮೊದಲಾಗುತ್ತದೆ. ಮಕ್ಕಳ ಶಾಲೆ ಎಲ್ಲಿ, ಹಿರಿಯರು ಮೆಟ್ಟಿಲು ಹತ್ತುವುದು ಹೇಗೆ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ಆದುದರಿಂದ ಹೇಗಾದರೂ ಮಾಡಿ ಎರಡು ಕೋಣೆಯ ಮನೆಯೊಂದನ್ನು ಕೊಂಡುಬಿಡೋಣವೆಂದು ಗೃಹಸ್ಥರು ಹಂಬಲಿಸುವುದು ಸಹಜವೇ ಆಗಿದೆ.

ಸಂಬಳದ ಚೀಟಿ ಉಳ್ಳವರಿಗೆ ಬ್ಯಾಂಕಿನ ಬಾಗಿಲು ತೆರೆದಿರುತ್ತದೆ. ಆದರೆ ಹೋಟೆಲು, ಕ್ಯಾಂಟೀನು, ಸಣ್ಣ ಅಂಗಡಿ, ಗುತ್ತಿಗೆ ಕೆಲಸಗಳಲ್ಲಿ ತೊಡಗಿದ ನಮ್ಮವರು ಅನೇಕರಿದ್ದಾರೆ. ಅವರ ಆದಾಯ ಕಡಿಮೆಯೇನಲ್ಲ. ಅದನ್ನು ಬ್ಯಾಂಕು ಕೇಳುವ ಕಾಗದದಲ್ಲಿ ತೋರಿಸುವುದು ಕಷ್ಟ. ಕೆಲವೊಮ್ಮೆ ಕೊಳ್ಳುವವರು ಸರಿಯಾಗಿದ್ದರೂ ಕಟ್ಟಡ ಬಹಳ ಹಳೆಯದೆಂದು ಬ್ಯಾಂಕು ಹಿಂದೆಗೆಯುತ್ತದೆ. ಇಂಥ ಸಂದರ್ಭದಲ್ಲಿ ಮನೆ ಮಾರುವವರೇ, ‘ಒಂದು ಭಾಗ ಈಗ ಕೊಡಿ, ಉಳಿದುದನ್ನು ಬಡ್ಡಿ ಸಹಿತ ಕಂತಿನಲ್ಲಿ ತೀರಿಸಿ’ ಎನ್ನುವುದುಂಟು. ಮಾರುವವರು ಒಬ್ಬ ನಿವೃತ್ತರೋ ವಿಧವೆಯೋ ಆಗಿದ್ದು, ತಿಂಗಳು ತಿಂಗಳು ಬರುವ ಹಣವೇ ಅವರಿಗೆ ಬೇಕಾಗಿರಲೂಬಹುದು.

ಈ ಏರ್ಪಾಟಿನಲ್ಲಿ ಮಾರುವವರೇ ಬ್ಯಾಂಕರರ ಸ್ಥಾನದಲ್ಲಿ ಕುಳಿತುಕೊಳ್ಳುತ್ತಾರೆ. ಆದುದರಿಂದ ಅವರು ಅಳುಕುತ್ತ, ‘ನಿಮ್ಮ ಸಿಬಿಲ್ ವರದಿ ತೋರಿಸುವಿರಾ?’ ಎಂದು ಕೇಳುತ್ತಾರೆ. ನಮ್ಮವರಲ್ಲಿ ಹಲವರಿಗೆ ಇದು ಅವಮಾನವೆನಿಸುತ್ತದೆ. ‘ಒಂದೇ ಭಾಷೆಯವರು, ಒಂದೇ ಜಿಲ್ಲೆಯವರು, ನಮ್ಮ ಮೇಲೆ ಇಷ್ಟೂ ನಂಬಿಕೆ ಇಲ್ಲವೇ?’ ಎಂದು ಮಾತು ಮುರಿದುಕೊಳ್ಳುವವರಿದ್ದಾರೆ. ಇನ್ನು ಕೆಲವರು ಸಂಕೋಚಕ್ಕೆ ಸಿಕ್ಕಿ, ಕೇಳಿದ ಕಾಗದಗಳನ್ನೆಲ್ಲ ದಲಾಲಿಯ ಕೈಗೆ ಸುರಿದುಬಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಎರಡೂ ತಪ್ಪು. ತೋರಿಸಬೇಕು, ಮಿತಿಯಲ್ಲಿ ತೋರಿಸಬೇಕು, ಮತ್ತು ತೋರಿಸಿದಷ್ಟನ್ನೇ ಎದುರಿನವರಿಂದಲೂ ಕೇಳಬೇಕು.

ಪತ್ತು ಎಂಬ ಹಳೆಯ ಮಾತು

ಪತ್ತು ಎಂಬುದು ನಮಗೆ ಹೊಸದಲ್ಲ. ೧೯೦೪ರ ಸಹಕಾರ ಕಾಯಿದೆ ಬಂದ ಮರುವರ್ಷವೇ, ೧೯೦೫ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಶಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅಂಥ ಹಳ್ಳಿಯ ಸಂಘದಲ್ಲಿ ಒಬ್ಬನ ಪತ್ತು ಎಷ್ಟೆಂದು ತಿಳಿಯಲು ಯಾವ ವರದಿಯೂ ಬೇಕಿರಲಿಲ್ಲ. ಯಾರ ಹೊಲ ಎಷ್ಟು, ಯಾರು ಕೊಟ್ಟ ಮಾತಿಗೆ ನಿಲ್ಲುವವರು, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಊರಿಗೇ ಗೊತ್ತು. ಊರೇ ಒಂದು ವರದಿಯಾಗಿತ್ತು.

ಪಟ್ಟಣದಲ್ಲಿ ಆ ಊರು ಇಲ್ಲ. ಒಂದೇ ಮಹಡಿಯಲ್ಲಿ ಹತ್ತು ವರ್ಷವಿದ್ದರೂ ಎದುರು ಬಾಗಿಲಿನವರ ವ್ಯವಹಾರ ನಮಗೆ ತಿಳಿಯದು. ಸಂಘದ ಯುಗಾದಿ ಕೂಟದಲ್ಲಿ ಜೊತೆಗೆ ಕುಳಿತು ಊಟ ಮಾಡಿದುದರಿಂದ ಸ್ನೇಹ ತಿಳಿಯುತ್ತದೆ, ಸಾಲ ತಿಳಿಯುವುದಿಲ್ಲ. ಹೀಗಾಗಿ ಊರು ಮಾಡುತ್ತಿದ್ದ ಕೆಲಸವನ್ನು ಕಾಗದ ಮಾಡಬೇಕಾಗಿದೆ. ಇದರಲ್ಲಿ ಅವಮಾನವೇನೂ ಇಲ್ಲ.

ವರದಿಯಲ್ಲಿ ಏನಿರುತ್ತದೆ

ಜನರು ಸಿಬಿಲ್ ಎನ್ನುವುದು ೨೦೦೦ದಲ್ಲಿ ಸ್ಥಾಪನೆಯಾದ ಒಂದು ಸಂಸ್ಥೆಯ ಹೆಸರು. ಈಗ ಅದು ಟ್ರಾನ್ಸ್‌ಯೂನಿಯನ್ ಸಿಬಿಲ್ ಎನಿಸಿಕೊಂಡಿದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬ ಇನ್ನು ಮೂರು ಸಂಸ್ಥೆಗಳೂ ಇದೇ ಕೆಲಸ ಮಾಡುತ್ತವೆ. ಇವುಗಳನ್ನು ನಿಯಂತ್ರಿಸುವ ಕಾಯಿದೆ ೨೦೦೫ರದು. ರಿಜರ್ವ್ ಬ್ಯಾಂಕಿನ ಆದೇಶದಂತೆ ೨೦೧೭ರ ಜನವರಿಯಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಬೇಕು. ನಮ್ಮ ವರದಿಯನ್ನು ನಾವೇ ತರಿಸಿಕೊಂಡರೆ ಅಂಕ ಇಳಿಯುವುದಿಲ್ಲ. ಈ ಹೆದರಿಕೆ ಬೇಡ.

ವರದಿಯ ಮೇಲ್ಭಾಗದಲ್ಲಿ ೩೦೦ರಿಂದ ೯೦೦ರೊಳಗೆ ಒಂದು ಅಂಕವಿರುತ್ತದೆ. ಎಲ್ಲರ ಕಣ್ಣೂ ಅಲ್ಲಿಯೇ ನಿಲ್ಲುತ್ತದೆ. ಆದರೆ ಕಂತಿನ ವ್ಯವಹಾರಕ್ಕೆ ಹೆಚ್ಚು ಉಪಯುಕ್ತವಾದುದು ಅದರ ಕೆಳಗಿನ ವಿವರ: ಯಾವ ಯಾವ ಸಾಲವಿದೆ, ಎಷ್ಟು ಮಂಜೂರಾಗಿತ್ತು, ಎಷ್ಟು ಬಾಕಿ, ಕಂತು ಯಾವ ತಿಂಗಳು ಎಷ್ಟು ದಿನ ತಡವಾಯಿತು ಎಂಬ ಪಟ್ಟಿ. ‘ಸೆಟಲ್ಡ್’ ಎಂದಿದ್ದರೆ ಸಾಲ ಪೂರ್ತಿ ತೀರಿತೆಂದು ಭಾವಿಸಬಾರದು. ಕೊಟ್ಟವರು ಕಡಿಮೆ ಹಣಕ್ಕೆ ಒಪ್ಪಿ ಕೈತೊಳೆದುಕೊಂಡರೆಂದು ಅರ್ಥ. ‘ರಿಟನ್ ಆಫ್’ ಎಂದರೆ ಸಾಲ ಮನ್ನಾ ಆಯಿತೆಂದಲ್ಲ. ವಸೂಲಾಗದ ಲೆಕ್ಕಕ್ಕೆ ಸೇರಿತೆಂದು ಅರ್ಥ.

ಇನ್ನೊಂದು ಸಂಗತಿ ನಮ್ಮವರಿಗೆ ವಿಶೇಷವಾಗಿ ಸಂಬಂಧಿಸಿದುದು. ಭಾವಮೈದುನನ ಟ್ಯಾಕ್ಸಿ ಸಾಲಕ್ಕೋ ಊರಿನ ಗೆಳೆಯನ ಅಂಗಡಿ ಸಾಲಕ್ಕೋ ಜಾಮೀನು ಹಾಕಿ ನಾವು ಮರೆತುಬಿಟ್ಟಿರುತ್ತೇವೆ, ವರದಿ ಮರೆಯುವುದಿಲ್ಲ. ಅವನು ಕಂತು ತಪ್ಪಿಸಿದರೆ ಅದರ ಕಲೆ ಜಾಮೀನುದಾರನ ಹಾಳೆಯ ಮೇಲೂ ಬೀಳುತ್ತದೆ. ಆದುದರಿಂದ ಮನೆಯ ಮಾತಿಗೆ ಹೋಗುವ ಎರಡು ತಿಂಗಳ ಮೊದಲೇ ವರದಿ ತರಿಸಿ, ಸಾಲುಸಾಲಾಗಿ ಓದಬೇಕು. ತೀರಿದ ಸಾಲ ತೀರದಂತೆ ಕಾಣುತ್ತಿದ್ದರೆ, ಬೇರೆಯವರ ಸಾಲ ನಮ್ಮ ಹೆಸರಿಗೆ ಬಂದಿದ್ದರೆ ದೂರು ಕೊಡಬಹುದು. ಮೂವತ್ತು ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ ೧೦೦ ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ ೨೦೨೪ರ ಏಪ್ರಿಲಿನಿಂದ ಜಾರಿಯಲ್ಲಿದೆ.

ವರದಿಯೇ ಇಲ್ಲದವರೂ ಇದ್ದಾರೆ. ಜನ್ಮದಲ್ಲಿ ಸಾಲ ಮಾಡದ ಗೃಹಸ್ಥನಿಗೆ ಅಂಕವಿಲ್ಲದಿರುವುದು ಅವನ ದೋಷವಲ್ಲ. ಅಂಥವರು ಮೂರು ವರ್ಷಗಳ ಆದಾಯ ತೆರಿಗೆಯ ಕಾಗದ, ಒಂದು ವರ್ಷದ ಬ್ಯಾಂಕಿನ ಲೆಕ್ಕ, ತಪ್ಪದೆ ಕಟ್ಟಿದ ಬಾಡಿಗೆಯ ರಸೀದಿಗಳನ್ನು ಮುಂದಿಡಬಹುದು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಿಂದ ಹಣ ಕೂಡಿಸಿತು. ದಿನದಿನವೂ ಕಟ್ಟಿದ ಅಂಥ ಪುಸ್ತಕವೊಂದು ಕೈಯಲ್ಲಿದ್ದರೆ, ಕಂತು ಕಟ್ಟುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಯಾರು ತರಬೇಕು, ಎಷ್ಟು ತೋರಿಸಬೇಕು

ಬ್ಯಾಂಕು ನಮ್ಮ ವರದಿಯನ್ನು ತಾನೇ ತರಿಸಿಕೊಳ್ಳುತ್ತದೆ. ಮನೆ ಮಾರುವ ಖಾಸಗಿ ಗೃಹಸ್ಥರಿಗೆ ಆ ಹಕ್ಕಿಲ್ಲ. ಕಾಯಿದೆಯು ಗೊತ್ತುಮಾಡಿದ ಸಂಸ್ಥೆಗಳು ಮಾತ್ರ ಅದನ್ನು ಪಡೆಯಬಹುದು; ಅಧಿಕಾರವಿಲ್ಲದೆ ಪಡೆಯುವುದು ಶಿಕ್ಷಾರ್ಹ. ಆದುದರಿಂದ ದಲಾಲಿಯೊಬ್ಬ, ‘ನಂಬರು ಕೊಡಿ, ಪರಿಚಯದವರಿಂದ ನಾನೇ ತೆಗೆಸುತ್ತೇನೆ’ ಎಂದರೆ ಮಾರುವವರೂ ಒಪ್ಪಬಾರದು, ಕೊಳ್ಳುವವರೂ ಒಪ್ಪಬಾರದು. ವರದಿಯನ್ನು ಕೊಳ್ಳುವವರೇ ತಂದು ತಾವೇ ತೋರಿಸಬೇಕು. ಕೀಲಿಕೈ ಅವರ ಕೈಯಲ್ಲಿಯೇ ಇರಬೇಕೆಂಬುದು ಇಲ್ಲಿಯ ಮುಖ್ಯ ವಿಚಾರ.

ತೋರಿಸುವುದಕ್ಕೂ ಒಂದು ಕ್ರಮವಿದೆ. ಮೊದಲ ಭೇಟಿಯಲ್ಲಿಯೇ ಕಾಗದ ಬಿಚ್ಚುವುದು ಬೇಡ. ಮನೆ ಮನಸ್ಸಿಗೆ ಬರಬೇಕು, ಬೆಲೆಯ ಅಂದಾಜು ಕೂಡಬೇಕು. ಆಮೇಲೆ ಅಂಕ, ಒಟ್ಟು ಬಾಕಿ, ತಿಂಗಳ ಕಂತುಗಳ ಮೊತ್ತ ಇಷ್ಟನ್ನು ಹೇಳಿದರೆ ಸಾಕು. ಕರಾರಿನ ಕರಡು ಸಿದ್ಧವಾದಾಗ ಪೂರ್ಣ ವರದಿಯನ್ನು ಎದುರು ಕುಳಿತು ತೋರಿಸಬಹುದು. ಮನೆಯ ಕಂತು ಗಂಡಹೆಂಡಿರ ಇಬ್ಬರ ಸಂಪಾದನೆಯಿಂದ ಹೋಗುವುದಾದರೆ ಇಬ್ಬರ ವರದಿಯೂ ಮೇಜಿನ ಮೇಲೆ ಬರುವುದು ನ್ಯಾಯ.

ವರದಿಯ ಮೊದಲ ಪುಟದಲ್ಲಿ ಪ್ಯಾನ್ ಸಂಖ್ಯೆ, ಹುಟ್ಟಿದ ತಾರೀಖು, ಹಳೆಯ ವಿಳಾಸಗಳು, ದೂರವಾಣಿ ಸಂಖ್ಯೆಗಳು ಎಲ್ಲ ಇರುತ್ತವೆ. ದುಷ್ಟರ ಕೈಗೆ ಸಿಕ್ಕರೆ ನಮ್ಮ ಹೆಸರಿನಲ್ಲಿ ಇನ್ನೊಂದು ಸಾಲ ಹುಟ್ಟಿಸಲು ಇಷ್ಟು ಸಾಕು. ಪ್ರತಿಯನ್ನು ಕೊಡಲೇಬೇಕಾದರೆ ಈ ಸಂಖ್ಯೆಗಳನ್ನೂ ಖಾತೆಯ ಸಂಖ್ಯೆಗಳನ್ನೂ ಮಸಿಯಿಂದ ಮುಚ್ಚಿ, ಮೇಲೆ ‘ಇಂಥ ಮನೆಯ ಖರೀದಿಯ ಮಾತುಕತೆಗೆ ಮಾತ್ರ’ ಎಂದು ಬರೆದು ತಾರೀಖು ಹಾಕಿ ಕೊಡಬೇಕು. ವಾಟ್ಸಾಪಿನಲ್ಲಿ ಕಳುಹಿಸಿದ ಕಾಗದ ಎಲ್ಲಿಂದೆಲ್ಲಿಗೆ ಹೋಗುವುದೆಂದು ಯಾರು ಬಲ್ಲರು? ಪಾಸ್‌ವರ್ಡು, ಓಟಿಪಿಗಳನ್ನಂತೂ ಬಂಧುಗಳಿಗೂ ಕೊಡಬಾರದು.

ಮಾರುವವರಿಗೂ ಒಂದು ಸಂದೇಹ ಬರಬಹುದು: ಮುದ್ರಿಸಿದ ಹಾಳೆಯನ್ನು ತಿದ್ದಿ ತಂದಿದ್ದರೆ? ಅದಕ್ಕೆ ಪರಿಹಾರ ಸುಲಭ. ಕೊಳ್ಳುವವರು ತಮ್ಮ ಫೋನಿನಲ್ಲಿ ತಮ್ಮ ಖಾತೆಯನ್ನು ತಾವೇ ತೆರೆದು ತೋರಿಸಲಿ. ವರದಿಯ ತಾರೀಖು ಆ ತಿಂಗಳದ್ದೇ ಆಗಿರಲಿ. ಬಂಧುಗಳಿಂದ ತಂದ ಕೈಗಡ, ಚೀಟಿಯ ಬಾಕಿ ಇವು ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಅವನ್ನು ಬಾಯಿಬಿಟ್ಟು ಹೇಳುವುದು ಕೊಳ್ಳುವವರ ಧರ್ಮ.

ತೋರಿಸಿದುದರ ಫಲ

ವರದಿ ನೋಡುವುದು ಒಬ್ಬನನ್ನು ಪಾಸು ಮಾಡಲಿಕ್ಕೋ ಫೇಲು ಮಾಡಲಿಕ್ಕೋ ಎಂದು ಜನರು ತಿಳಿದಿದ್ದಾರೆ. ನಿಜವಾದ ಉಪಯೋಗ ಬೇರೆ. ಕಂತನ್ನು ಹೊರಲು ಸಾಧ್ಯವಾಗುವಂತೆ ಹೊಂದಿಸುವುದಕ್ಕೆ ಅದು ಬೇಕು. ಒಂದು ಲೆಕ್ಕ ಮಾಡಿ ನೋಡೋಣ.

ಮನೆಯ ಬೆಲೆ ೪೦ ಲಕ್ಷ; ಈಗ ಕೊಡುವುದು ೧೫ ಲಕ್ಷ; ಉಳಿದ ೨೫ ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ ೯ರ ಬಡ್ಡಿ ಎಂದಿಟ್ಟುಕೊಳ್ಳೋಣ. ಐದು ವರ್ಷದಲ್ಲಿ ತೀರಿಸಬೇಕೆಂದು ಮಾರುವವರ ಅಪೇಕ್ಷೆ. ಆಗ ತಿಂಗಳ ಕಂತು ಸುಮಾರು ೫೧,೯೦೦ ರೂಪಾಯಿ. ಕೊಳ್ಳುವ ಸಂಸಾರದ ವರಮಾನ ೯೦,೦೦೦. ವರದಿಯಲ್ಲಿ ವಾಹನ ಸಾಲದ ಕಂತು ೧೨,೦೦೦ ಕಾಣುತ್ತದೆ. ಎರಡೂ ಸೇರಿದರೆ ರೂಪಾಯಿಗೆ ಎಪ್ಪತ್ತೊಂದು ಪೈಸೆ ಕಂತಿಗೇ ಹೋಯಿತು. ಎಷ್ಟೇ ಪ್ರಾಮಾಣಿಕರಾದರೂ ಈ ಸಂಸಾರ ಒಂದು ಆಸ್ಪತ್ರೆಯ ಖರ್ಚಿಗೆ ಮುಗ್ಗರಿಸುತ್ತದೆ. ವರದಿಯನ್ನು ಮುಚ್ಚಿಟ್ಟು ಈ ಕರಾರಿಗೆ ಸಹಿ ಹಾಕಿದ್ದರೆ ಮೋಸ ಹೋಗುವವರು ಇಬ್ಬರೂ.

ಹತ್ತು ವರ್ಷಕ್ಕೆ ಎಳೆದರೆ ಕಂತು ೩೧,೬೭೦ಕ್ಕೆ ಇಳಿಯುತ್ತದೆ. ವಾಹನದ ಕಂತು ಸೇರಿದರೂ ವರಮಾನದ ಅರ್ಧಕ್ಕೆ ತುಸು ಕಡಿಮೆಯೇ. ಆದರೆ ಬಡ್ಡಿಯೇ ಸುಮಾರು ೧೩ ಲಕ್ಷವಾಗುತ್ತದೆ. ಈಗ ವರದಿಯನ್ನು ಇನ್ನೊಮ್ಮೆ ನೋಡಬೇಕು. ವಾಹನದ ಸಾಲ ಎರಡು ವರ್ಷದಲ್ಲಿ ಮುಗಿಯುವುದಾದರೆ, ಮೊದಲ ಎರಡು ವರ್ಷ ೩೧,೬೭೦, ಆಮೇಲೆ ಬಿಡುವಾದ ೧೨,೦೦೦ವನ್ನೂ ಸೇರಿಸಿ ೪೩,೬೭೦ ಎಂದು ಗೊತ್ತುಮಾಡಬಹುದು. ಹಾಗೆ ಮಾಡಿದರೆ ಸಾಲ ಏಳು ವರ್ಷ ಎರಡು ತಿಂಗಳ ಸುಮಾರಿಗೆ ತೀರುತ್ತದೆ. ಬಡ್ಡಿ ೧೦ ಲಕ್ಷದೊಳಗೆ ನಿಲ್ಲುತ್ತದೆ. ಮೂರು ಲಕ್ಷಕ್ಕೂ ಮಿಕ್ಕಿ ಉಳಿತಾಯವಾದುದು ವರದಿಯನ್ನು ಬಿಚ್ಚಿ ಇಟ್ಟುದರಿಂದ.

ವರದಿ ಚೆನ್ನಾಗಿದ್ದರೆ ಕೊಳ್ಳುವವರು ಇನ್ನೂ ಒಂದನ್ನು ಕೇಳಬಹುದು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಬೆಲೆ ಪೂರ್ತಿ ಸಲ್ಲದಿದ್ದರೂ, ಉಳಿದುದನ್ನು ಕೊಡುವೆನೆಂಬ ವಚನದ ಮೇಲೆ ಕ್ರಯಪತ್ರವನ್ನು ನೋಂದಾಯಿಸಬಹುದು. ಆಗ ಒಡೆತನ ಕೊಳ್ಳುವವರಿಗೆ ಬರುತ್ತದೆ. ಬಾಕಿ ಹಣಕ್ಕಾಗಿ ಆ ಮನೆಯ ಮೇಲೆಯೇ ಮಾರಿದವರಿಗೆ ಹಕ್ಕು ಉಳಿಯುತ್ತದೆ. ಬಾಕಿಯನ್ನು ಪತ್ರದಲ್ಲಿ ಸ್ಪಷ್ಟವಾಗಿ ಕಾಣಿಸಿ, ಅದೇ ದಿನ ಅಡಮಾನ ಪತ್ರವನ್ನೂ ನೋಂದಾಯಿಸಿದರೆ ಅವರಿಗೆ ಇನ್ನೂ ಭದ್ರ. ಇನ್ನೊಂದು ಮಾರ್ಗವೆಂದರೆ ಈಗ ಕರಾರು ಮಾತ್ರ ಮಾಡಿ, ಕೊನೆಯ ಕಂತು ಮುಟ್ಟಿದ ಮೇಲೆ ಕ್ರಯಪತ್ರ. ಮೊದಲನೆಯದರಲ್ಲಿ ಮಾರುವವರ ಆತಂಕ ಹೆಚ್ಚು, ಎರಡನೆಯದರಲ್ಲಿ ಕೊಳ್ಳುವವರದು. ಪತ್ತು ಒಳ್ಳೆಯದಿದ್ದವರು ಮೊದಲನೆಯದನ್ನು ಕೇಳುವುದರಲ್ಲಿ ನ್ಯಾಯವಿದೆ.

ಎರಡನೆಯ ಮಾರ್ಗದ ಅಪಾಯಕ್ಕೆ ಅಮೆರಿಕದ ಶಿಕಾಗೋ ನಗರ ಒಂದು ಪಾಠ. ೧೯೫೦ ಮತ್ತು ೬೦ರ ದಶಕಗಳಲ್ಲಿ ಅಲ್ಲಿಯ ಕರಿಯ ಜನರಿಗೆ ಬ್ಯಾಂಕುಗಳು ಸಾಲ ಕೊಡಲೊಲ್ಲವಾದುದರಿಂದ ಅವರು ಮಾರುವವರಿಂದಲೇ ಕಂತಿನ ಮೇಲೆ ಮನೆ ಕೊಂಡರು. ಬೆಲೆ ವಿಪರೀತ, ಒಡೆತನ ಕೊನೆಯ ಕಂತಿನವರೆಗೂ ಮಾರುವವರದೇ, ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ೧೯೬೮ರಲ್ಲಿ ಅವರು ಸಂಘ ಕಟ್ಟಿ ಹೋರಾಡಬೇಕಾಯಿತು.

ಮಾರುವವರ ಪತ್ತು

ಇನ್ನು ಎದುರು ಪಕ್ಷಕ್ಕೆ ಬರೋಣ. ಕೊಳ್ಳುವವರ ವರದಿಯನ್ನು ಕೇಳುವವರು ತಮ್ಮ ಕಾಗದವನ್ನೂ ತೋರಿಸಬೇಡವೇ? ಆ ಮನೆಯ ಮೇಲೆಯೇ ಮಾರುವವರ ಸಾಲವಿದ್ದರೆ ಏನು ಗತಿ? ಕೊಳ್ಳುವವರು ತಪ್ಪದೆ ಕಂತು ಕೊಡುತ್ತಿರುತ್ತಾರೆ. ಮಾರಿದವರು ಅದನ್ನು ಬ್ಯಾಂಕಿಗೆ ಕಟ್ಟದೆ ಬೇರೆ ಕಡೆ ಖರ್ಚು ಮಾಡುತ್ತಾರೆ. ಕೊನೆಗೆ ಬ್ಯಾಂಕು ೨೦೦೨ರ ಸರ್ಫೇಸಿ ಕಾಯಿದೆಯಂತೆ ಬಾಗಿಲಿಗೆ ನೋಟೀಸು ಅಂಟಿಸುತ್ತದೆ. ಬೀದಿಗೆ ಬೀಳುವವರು ಒಂದು ಕಂತನ್ನೂ ತಪ್ಪಿಸದ ಸಂಸಾರ.

ಆದುದರಿಂದ ಮಾರುವವರ ಪತ್ತಿನ ವರದಿಯನ್ನೂ ಕೇಳಬೇಕು. ಗೃಹಸಾಲವಿದ್ದರೆ ಅದು ಅಲ್ಲಿ ಕಾಣುತ್ತದೆ. ಬ್ಯಾಂಕಿನಿಂದ ಬಾಕಿಯ ಪತ್ರ ತರಿಸಬೇಕು. ಮುಂಗಡ ಹಣವನ್ನು ನೇರವಾಗಿ ಆ ಸಾಲಕ್ಕೇ ಕಟ್ಟಿ ಮೂಲಪತ್ರಗಳನ್ನು ಬಿಡಿಸಬೇಕು. ೨೦೧೧ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲಿ ಸ್ವತ್ತಿನ ಮೇಲೆ ಅಡಮಾನ ದಾಖಲಾಗಿದೆಯೇ ಎಂದು ಯಾರು ಬೇಕಾದರೂ ಸಣ್ಣ ಶುಲ್ಕ ತೆತ್ತು ನೋಡಬಹುದು. ಋಣಭಾರದ ಪತ್ರ, ಮಹಾರಾಷ್ಟ್ರದಲ್ಲಾದರೆ ಇಂಡೆಕ್ಸ್ ೨ರ ಪ್ರತಿ, ಗೃಹನಿರ್ಮಾಣ ಸೊಸೈಟಿಯ ಷೇರು ಪತ್ರ ಹಾಗೂ ಬಾಕಿಯಿಲ್ಲವೆಂಬ ಪತ್ರ, ಮನೆ ಕಂದಾಯದ ರಸೀದಿ ಇವಿಷ್ಟು ಮಾರುವವರ ಪತ್ತಿನ ಕಾಗದಗಳು. ಇವನ್ನು ಕೇಳಿದಾಗ ಅವರು ಮುಖ ಗಂಟಿಕ್ಕಿದರೆ, ಅದೂ ಒಂದು ವರದಿಯೆಂದೇ ತಿಳಿಯಬೇಕು.

ಬರಹವಿಲ್ಲದ ನಂಬಿಕೆ ಬೇಡ

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಕರಾರನ್ನು ನೋಂದಾಯಿಸಲೇಬೇಕು. ೨೦೦೧ರ ತಿದ್ದುಪಡಿಯ ನಂತರ, ನೋಂದಣಿಯಾಗದ ಕರಾರಿನ ಬಲದಿಂದ ಸ್ವಾಧೀನವನ್ನು ಉಳಿಸಿಕೊಳ್ಳುವ ರಕ್ಷಣೆ ಕೊಳ್ಳುವವರಿಗೆ ದೊರೆಯುವುದಿಲ್ಲ. ಮುಖತ್ಯಾರ ಪತ್ರದ ಮೇಲೆ ಮನೆ ಕೊಳ್ಳುವ ಪದ್ಧತಿ ದಿಲ್ಲಿಯಲ್ಲಿ ಬಹಳವಿತ್ತು. ಅದರಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿಯೇ ಹೇಳಿದೆ.

ಕರಾರಿನಲ್ಲಿ ಬಡ್ಡಿಯ ದರ, ಕಂತಿನ ಪಟ್ಟಿ, ಮುಂಚೆಯೇ ತೀರಿಸುವ ಹಕ್ಕು, ಕಂತು ತಡವಾದರೆ ಎಷ್ಟು ದಿನದ ಸವಲತ್ತು, ವ್ಯವಹಾರ ಮುರಿದರೆ ಎಷ್ಟು ಹಣ ಹಿಂದಕ್ಕೆ, ಇಬ್ಬರಲ್ಲಿ ಒಬ್ಬರು ಕಾಲವಾದರೆ ವಾರಸುದಾರರ ಹೊಣೆ ಏನು ಎಂಬುದೆಲ್ಲ ಇರಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದು ೨೦೧೫ರಿಂದ ನಿಷಿದ್ಧ. ಪ್ರತಿ ಕಂತೂ ಬ್ಯಾಂಕಿನ ಮೂಲಕವೇ ಹೋಗಲಿ. ಬೆಲೆ ೫೦ ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಪ್ರತಿ ಪಾವತಿಯಲ್ಲಿ ನೂರಕ್ಕೆ ಒಂದರಂತೆ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಪರದೇಶವಾಸಿಯಾಗಿದ್ದರೆ ನಿಯಮ ಬೇರೆ. ಹಣ ಕಂತಿನಲ್ಲಿ ಬಂದರೂ ಲಾಭದ ಮೇಲಿನ ತೆರಿಗೆ ಸ್ವತ್ತು ವರ್ಗವಾದ ವರ್ಷದ ಲೆಕ್ಕಕ್ಕೇ ಬೀಳುತ್ತದೆಂಬುದನ್ನು ಮಾರುವವರು ಮೊದಲೇ ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿಯಲಿ.

ಕೊನೆಯದಾಗಿ ಇನ್ನೊಂದು ಸಂಗತಿ. ಖಾಸಗಿಯವರಿಗೆ ಕಟ್ಟಿದ ಕಂತು ಯಾವ ಪತ್ತಿನ ವರದಿಯಲ್ಲೂ ಏರುವುದಿಲ್ಲ. ಏಳು ವರ್ಷ ತಪ್ಪದೆ ಕಟ್ಟಿದರೂ ಅದಕ್ಕೆ ಸಾಕ್ಷಿ ರಸೀದಿ ಮತ್ತು ಬ್ಯಾಂಕಿನ ಲೆಕ್ಕ ಮಾತ್ರ. ವರ್ಷಕ್ಕೊಮ್ಮೆ ಇಬ್ಬರೂ ಕುಳಿತು, ಬಾಕಿ ಇಷ್ಟೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಂಡರೆ ಮುಂದೆ ಮಕ್ಕಳ ಕಾಲಕ್ಕೆ ಜಗಳವಿರುವುದಿಲ್ಲ.

ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ. ವರ್ಷಕ್ಕೊಂದು ಸಂಜೆ ನಾಟಕ ಸಂಗೀತಗಳ ನಡುವೆ ಈ ವಿಷಯಕ್ಕೂ ಮೀಸಲಾದರೆ ಅನೇಕ ಸಂಸಾರಗಳಿಗೆ ಉಪಕಾರವಾದೀತು. ಅಲ್ಲಿಯವರೆಗೆ, ಮನೆಯ ಯೋಚನೆಯಲ್ಲಿರುವ ವಾಚಕರು ಈ ವಾರವೇ ತಮ್ಮ ವರದಿಯನ್ನು ತರಿಸಿ, ಮನೆಯವರೊಡನೆ ಕುಳಿತು ಒಮ್ಮೆ ಓದಲಿ. ಬೇರೆಯವರಿಗೆ ತೋರಿಸುವ ಮೊದಲು ಅದರಲ್ಲಿ ಏನಿದೆಯೆಂದು ನಮಗೆ ತಿಳಿದಿರುವುದು ಒಳ್ಳೆಯದಲ್ಲವೇ?